ಕೊಡಗಿನ ಅಡುಗೆಮನೆಗೆ ಮರದ ಕಟ್ಟೆ: ಯಾವ ಮರ, ಯಾವ ಎಣ್ಣೆ

ನಮ್ಮ ಅಡುಗೆಮನೆಯ ಕಿಟಕಿ ಕೆಳಗೆ ನಾಲ್ಕೂವರೆ ಅಡಿ ಉದ್ದದ ಹಲಸಿನ ಮರದ ಕಟ್ಟೆ ಇದೆ. ಇದು ಎರಡನೆಯದು. ಮೊದಲನೆಯದು ಒಂದು ಬೇಸಿಗೆಯನ್ನೂ ದಾಟಲಿಲ್ಲ. ಮಳೆ ನಿಂತ ಮೇಲೆ ಮರ ತಂದೆವು, ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಕೂರಿಸಿದೆವು, ಮಾರ್ಚ್‌ನಲ್ಲಿ ಮೂರು ಕಡೆ ಸೀಳಿತು. ಒಂದು ಸೀಳಿನಲ್ಲಿ ನಾಣ್ಯ ನಿಲ್ಲುತ್ತಿತ್ತು. ಮರ ಕೊಟ್ಟವರು ಚೆನ್ನಾಗಿ ಒಣಗಿದೆ ಅಂದಿದ್ದರು. ನಾನು ಅಳೆದು ನೋಡಿರಲಿಲ್ಲ.

ಎರಡನೇ ಸಲ ಕೆಲಸಕ್ಕೆ ಬಂದ ಆಚಾರಿ ಹಲಗೆಯನ್ನು ಎತ್ತಿ, ತಟ್ಟಿ, ಕೆಳಗಿಟ್ಟು ಒಂದು ಮಾತು ಹೇಳಿದರು: "ಅಕ್ಕಾ, ಯಾವ ಮರ ಅಂತ ಆಮೇಲೆ ಕೇಳಿ. ಒಳಗೆ ಇನ್ನೂ ಎಷ್ಟು ನೀರಿದೆ ಅಂತ ಮೊದಲು ಕೇಳಿ." ಕೊಡಗಿನಲ್ಲಿ ಮರದ ಕಟ್ಟೆ ಮಾಡಿಸುವ ಎಲ್ಲರಿಗೂ ನಾನು ಮೊದಲು ಹೇಳುವುದು ಈ ಮಾತನ್ನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರು ನಮ್ಮದು. ಫೆಬ್ರವರಿ, ಮಾರ್ಚ್‌ನಲ್ಲಿ ತುಟಿ ಒಡೆಯುವಷ್ಟು ಒಣ ಗಾಳಿ. ಮರ ಈ ಎರಡನ್ನೂ ತಡೆದುಕೊಳ್ಳಬೇಕು. ಬೇರೆ ಊರಿನವರು ಹೇಳುವ ಸಲಹೆಗಳನ್ನು ಇಲ್ಲಿಗೆ ಹಾಗೇ ತಂದರೆ ಕೆಲಸ ಕೆಡುತ್ತದೆ.

ಮೊದಲು ಜಾಗ ಗೊತ್ತು ಮಾಡಿ

ನಾನು ಹೇಳುತ್ತಿರುವ ಮರದ ಕಟ್ಟೆಗೆ ಬುಚರ್ ಬ್ಲಾಕ್ ಅನ್ನುತ್ತಾರೆ. ಅದು ಅಗಲವಾದ ಒಂದೇ ಹಲಗೆ ಅಲ್ಲ. ಕಿರಿದಾದ ಪಟ್ಟಿಗಳನ್ನು ಒತ್ತಾಗಿ ಜೋಡಿಸಿ, ಅಂಟಿಸಿ ಮಾಡಿದ ದಪ್ಪ ಹಲಗೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಪಟ್ಟಿಗಳು ಉದ್ದಕ್ಕೆ ಮಲಗಿರುತ್ತವೆ, ಅವುಗಳ ಅಂಚು ಮೇಲಕ್ಕೆ ಬರುತ್ತದೆ. ಇನ್ನೊಂದರಲ್ಲಿ ಚೌಕ ತುಂಡುಗಳು ನಿಂತಿರುತ್ತವೆ, ಮರವನ್ನು ಅಡ್ಡ ಕೊಯ್ದಾಗ ಕಾಣುವ ಮುಖ ಮೇಲಿರುತ್ತದೆ. ನಿಂತ ತುಂಡಿನ ಮೇಲೆ ಕತ್ತಿ ಆಡಿಸುವುದು ಬಲು ಹಿತ. ಅಲಗು ನಾರುಗಳ ನಡುವೆ ಇಳಿದು ಮೇಲೆ ಬರುತ್ತದೆ, ಗೆರೆ ಅಷ್ಟಾಗಿ ಉಳಿಯುವುದಿಲ್ಲ. ಆದರೆ ಆ ಮುಖ ನೀರನ್ನು ಸ್ಟ್ರಾ ಹಾಕಿದಂತೆ ಹೀರುತ್ತದೆ. ಸಣ್ಣ ಕತ್ತರಿಸುವ ಹಲಗೆಗೆ ಅದು ಸರಿ. ಇಡೀ ಕಟ್ಟೆಗೆ, ಅದೂ ನಮ್ಮ ಮಳೆಯಲ್ಲಿ, ಮಲಗಿಸಿದ ಪಟ್ಟಿಯನ್ನೇ ಮಾಡಿಸಿ.

ಎಲ್ಲಿಂದ ಎಲ್ಲಿಯವರೆಗೆ ಮರ? ಇದರಲ್ಲಿ ನನ್ನ ಮಾತು ಸ್ವಲ್ಪ ಗಟ್ಟಿ. ಸಿಂಕ್ ಇರುವ ಜಾಗ ಮತ್ತು ಒಲೆ ಇರುವ ಜಾಗ ಕಲ್ಲಿಗೇ ಇರಲಿ. ಗ್ರಾನೈಟ್ ಆಗಲಿ, ಕಡಪ ಆಗಲಿ, ಇರುವುದನ್ನು ಕೀಳಬೇಡಿ. ನಡುವೆ ತರಕಾರಿ ಹೆಚ್ಚುವ, ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ತಟ್ಟುವ, ಬೆಳಿಗ್ಗೆ ಕಾಫಿ ಲೋಟ ಇಡುವ ನಾಲ್ಕೈದು ಅಡಿ ಜಾಗಕ್ಕೆ ಮರ ಹಾಕಿ. ಸಿಂಕಿನ ಸುತ್ತ ಮರ ಹಾಕಿದರೆ ತೂತು ಕೊರೆದ ಕಡೆ ಮರದ ಅಡ್ಡ ಮುಖ ಬಿಚ್ಚಿಕೊಳ್ಳುತ್ತದೆ. ಅಲ್ಲಿ ದಿನವೂ ನೀರು ನಿಲ್ಲುತ್ತದೆ. ಒಂದೆರಡು ಮಳೆಗಾಲದಲ್ಲಿ ಆ ಅಂಚು ಕಪ್ಪಾಗಿ ಮೆತ್ತಗಾಗುತ್ತದೆ. ಸಿಂಕಿನ ಹತ್ತಿರವೂ ಮರವೇ ಬೇಕು ಅನ್ನುವವರು ಮೇಲಿನಿಂದ ಕೂರಿಸುವ ಸಿಂಕ್ ಆರಿಸಿ. ಅದರ ತುಟಿ ಮರದ ಕೊಯ್ದ ಅಂಚನ್ನು ಮುಚ್ಚುತ್ತದೆ. ಕೂರಿಸುವ ಮೊದಲು ಆ ಅಂಚಿಗೆ ಎಪಾಕ್ಸಿ ಎರಡು ಸಲ ಬಳಿಯಿರಿ.

ದಪ್ಪ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಸಾಕು. ಅಗಲ ಎರಡು ಅಡಿ. ಘನ ಅಡಿ ಲೆಕ್ಕದಲ್ಲಿ ನಾಲ್ಕೂವರೆ ಅಡಿ ಉದ್ದದ ಕಟ್ಟೆಗೆ ಸುಮಾರು 1.1 ಘನ ಅಡಿ ಆಗುತ್ತದೆ. ಆದರೆ ಕೊಯ್ಯುವಾಗ, ಕೀಸುವಾಗ, ಗಂಟು ತೆಗೆಯುವಾಗ ತುಂಬಾ ಹೋಗುತ್ತದೆ. ಎರಡು ಘನ ಅಡಿ ತಂದಿಟ್ಟುಕೊಳ್ಳಿ.

ಯಾವ ಮರ

ಹಲಸು ನನ್ನ ಮೊದಲ ಆಯ್ಕೆ. ಹೆಚ್ಚುಕಮ್ಮಿ ಎಲ್ಲ ತೋಟದಲ್ಲೂ ಇದೆ. ನಮ್ಮ ಹಿರಿಯರು ಮನೆಯ ಬಾಗಿಲಿಗೆ, ಕಂಬಕ್ಕೆ ಬಳಸಿದ ಮರ. ವೀಣೆ, ಮೃದಂಗ ಮಾಡುವುದೂ ಇದರಿಂದಲೇ. ಕೆಚ್ಚಿಗೆ, ಅಂದರೆ ಮರದ ಗಟ್ಟಿಯಾದ ಒಳಭಾಗಕ್ಕೆ, ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ. ಕತ್ತಿಯ ಅಲಗನ್ನು ಕೆಡಿಸುವಷ್ಟು ಗಡುಸಲ್ಲ, ಉಗುರಿನ ಗೀರು ಬೀಳುವಷ್ಟು ಮೆದುವೂ ಅಲ್ಲ. ಹೊಸದಾಗಿ ಕೊಯ್ದಾಗ ಅರಿಶಿನದ ಬಣ್ಣ. ಬೆಳಕು ಬಿದ್ದಂತೆ ಜೇನಿನ ಬಣ್ಣಕ್ಕೆ ತಿರುಗಿ, ವರ್ಷಗಳಾದ ಮೇಲೆ ಕೆಂಗಂದು ಆಗುತ್ತದೆ. ಈ ಬಣ್ಣ ಬದಲಾಗುವುದನ್ನು ನೋಡುತ್ತಾ ಇರುವುದೇ ಒಂದು ಖುಷಿ. ಒಂದು ವಿಷಯ ತಿಳಿದಿರಲಿ: ಹಲಸಿನ ಮರದಲ್ಲಿ ಹಳದಿ ಬಣ್ಣ ತುಂಬಾ ಇದೆ. ಇದರ ಚಕ್ಕೆ ಕುದಿಸಿ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕುವ ರೂಢಿಯೇ ಇತ್ತು. ಹಾಗಾಗಿ ಮೊದಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಹಳದಿಯಾದರೆ ಹೆದರಬೇಡಿ. ಎಣ್ಣೆ ಕುಡಿದ ಮೇಲೆ ಅದು ಕಮ್ಮಿಯಾಗುತ್ತದೆ.

ಹೆಬ್ಬಲಸು ಸಿಕ್ಕಿದರೆ ಅದೂ ಒಳ್ಳೆಯದು. ಕೇರಳದವರು ಆಂಜಿಲಿ ಅಂತ ಕರೆದು ದೋಣಿ ಕಟ್ಟುವುದು ಇದರಲ್ಲೇ. ನೀರಿನ ಜೊತೆ ಬಾಳುವ ಮರ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ, ಅಲ್ವಾ?

ತೇಗದ ವಿಷಯ ಎಲ್ಲರಿಗೂ ಗೊತ್ತು. ಗಾತ್ರ ಬದಲಾಗುವುದು ಕಮ್ಮಿ, ಒಳಗೆ ತನ್ನದೇ ಎಣ್ಣೆ ಇದೆ, ಹುಳ ಹತ್ತುವುದಿಲ್ಲ. ಆದರೆ ಇದೆಲ್ಲ ಕೆಚ್ಚಿಗೆ ಮಾತ್ರ ಸೇರಿದ ಗುಣ. ಎಳೆಯ ಮರದ ಅಂಚಿನ ಬಿಳಿ ಭಾಗಕ್ಕೆ ಈ ಬಲ ಇಲ್ಲ. ಹಲಗೆ ಕೊಳ್ಳುವಾಗ ಎರಡೂ ಮಗ್ಗುಲು ತಿರುಗಿಸಿ ನೋಡಿ, ಬಿಳಿ ಪಟ್ಟಿ ಇದ್ದರೆ ಅಷ್ಟನ್ನು ಕೊಯ್ದು ತೆಗೆಸಿ. ತೇಗದಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಅದರ ಮೇಲೆ ದಿನಾ ಹೆಚ್ಚಿದರೆ ಕತ್ತಿ ಬೇಗ ಮೊಂಡಾಗುತ್ತದೆ. ಇನ್ನೊಂದು, ಆ ಎಣ್ಣೆಯ ಕಾರಣಕ್ಕೆ ಅಂಟು ಹಿಡಿಯುವುದು ಕಷ್ಟ. ಅಂಟಿಸುವ ಸ್ವಲ್ಪ ಮೊದಲು ಪಟ್ಟಿಯ ಅಂಚನ್ನು ಅಸಿಟೋನ್ ಬಟ್ಟೆಯಲ್ಲಿ ಒರೆಸಲು ಆಚಾರಿಗೆ ನೆನಪಿಸಿ.

ಹೊನ್ನೆ ನೋಡಲು ಚೆಂದ, ಬಾಳಿಕೆಯೂ ಬರುತ್ತದೆ. ಆದರೂ ಅಡುಗೆ ಕಟ್ಟೆಗೆ ಬೇಡ. ಸಕ್ಕರೆ ಕಾಯಿಲೆಯವರು ಹೊನ್ನೆ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವುದನ್ನು ನೋಡಿರುತ್ತೀರಿ. ಒಂದೇ ರಾತ್ರಿಯಲ್ಲಿ ನೀರು ಬಣ್ಣಕ್ಕೆ ತಿರುಗಿರುತ್ತದೆ. ಅಷ್ಟು ಸುಲಭವಾಗಿ ರಸ ಬಿಡುವ ಮರದ ಮೇಲೆ ಒದ್ದೆ ಪಾತ್ರೆ ಇಟ್ಟರೆ, ಹಿಟ್ಟು ನಾದಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಬೀಟೆಯನ್ನು ಕುರ್ಚಿ, ಮೇಜಿಗೆ ಬಿಡಿ. ಮತ್ತಿ, ನಂದಿ ಜಂತಿಗೆ, ಕಂಬಕ್ಕೆ ಸರಿ.

ಎಲ್ಲರೂ ಕೇಳುವುದು ಸಿಲ್ವರ್ ಓಕ್ ಬಗ್ಗೆ. ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿದ ಮರ ಎಷ್ಟೊಂದು ಇದೆ, ಅದನ್ನೇ ಬಳಸಬಾರದಾ ಅಂತ. ಕೊಯ್ದಾಗ ಅದರ ಮೇಲಿನ ಚುಕ್ಕೆ ಚುಕ್ಕೆ ಮಿಂಚು ನಿಜಕ್ಕೂ ಸೊಗಸು. ಆದರೆ ಹೆಸರಿನಲ್ಲಿ ಓಕ್ ಇದ್ದ ಮಾತ್ರಕ್ಕೆ ಅದು ಓಕ್ ಅಲ್ಲ. ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಕುಲದ ಮರ. ಮೆದು, ಕುಟ್ಟೆ ಹುಳಕ್ಕೆ ಪ್ರೀತಿ, ತೇವದಲ್ಲಿ ಬೇಗ ಹಾಳಾಗುತ್ತದೆ. ಕೆಲವರಿಗೆ ಇದರ ಪುಡಿ ತಾಗಿದರೆ ಮೈ ತುರಿಸುತ್ತದೆ. ಕಪಾಟಿನ ಒಳಗಿನ ಹಲಗೆಗೆ ಬಳಸಿ, ಮೇಲಿನ ಕಟ್ಟೆಗೆ ಬೇಡ.

ರಬ್ಬರ್ ಮರದ ರೆಡಿಮೇಡ್ ಹಲಗೆಗಳು ಪೇಟೆಯಲ್ಲಿ ಸಿಗುತ್ತವೆ. ಗೂಡು ಒಲೆಯಲ್ಲಿ (ಮರ ಒಣಗಿಸುವ ಕಿಲ್ನ್) ಒಣಗಿಸಿ, ಸಣ್ಣ ತುಂಡುಗಳನ್ನು ಬೆರಳು ಹೆಣೆದಂತೆ ಜೋಡಿಸಿರುತ್ತಾರೆ. ಅಳತೆ ಸರಿಯಾಗಿರುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಕುಶಾಲನಗರದ ಕಡೆಯ ಒಣ ಮನೆಗಳಲ್ಲಿ ನಡೆದೀತು. ಮಡಿಕೇರಿ, ಭಾಗಮಂಡಲದ ಕಡೆ ನಾನು ಒಪ್ಪುವುದಿಲ್ಲ. ಈ ಮರಕ್ಕೆ ಬೂಸ್ಟು ಬೇಗ ಹಿಡಿಯುತ್ತದೆ. ಹುಳದಿಂದ ಕಾಯಲು ಹಾಕುವ ಬೋರಾನ್ ಉಪ್ಪು ನೀರಿನಲ್ಲಿ ಕರಗುವಂಥದ್ದು, ಪದೇ ಪದೇ ಒದ್ದೆಯಾದರೆ ಅದೂ ಹೋಗುತ್ತದೆ.

ಹುಣಸೆಯನ್ನು ಬೇರೆಯಾಗಿಯೇ ಹೇಳಬೇಕು. ಮಾಂಸದಂಗಡಿಯಲ್ಲಿ ನಿಲ್ಲಿಸಿರುವ ಕೊರಡು ನೋಡಿದ್ದೀರಲ್ಲ, ಅದು ಹೆಚ್ಚಾಗಿ ಹುಣಸೆಯದು. ನಾರುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಎಷ್ಟು ಹೊಡೆದರೂ ಸೀಳುವುದಿಲ್ಲ. ಅದೇ ಕಾರಣಕ್ಕೆ ಕೊಯ್ಯುವುದೂ ಕೀಸುವುದೂ ಕಷ್ಟ. ಇಡೀ ಕಟ್ಟೆ ಹುಣಸೆಯಲ್ಲಿ ಮಾಡಿಸಲು ಹೋಗಬೇಡಿ. ಆದರೆ ಹಂದಿ ಮಾಂಸವನ್ನು ಮೂಳೆ ಸಮೇತ ಕಡಿಯುವ ಮನೆಯಾದರೆ ಒಂದು ಹುಣಸೆ ಕೊರಡು ಪ್ರತ್ಯೇಕವಾಗಿ ಇರಲೇಬೇಕು. ನಮ್ಮಲ್ಲಿ ಹುಣಸೆ ಕಮ್ಮಿ. ಹುಣಸೂರು, ಪಿರಿಯಾಪಟ್ಟಣದ ಕಡೆಯ ಬಯಲುಸೀಮೆಯಿಂದ ತರಿಸಿಕೊಳ್ಳಬಹುದು.

ಹಳೇ ಮನೆ ಬಿಚ್ಚಿದ ಮರ ಸಿಕ್ಕಿದರೆ ಅದೃಷ್ಟ. ಎಷ್ಟೋ ದಶಕ ಒಣಗಿದ್ದು, ಇನ್ನು ಹೆಚ್ಚು ಆಟ ಆಡುವುದಿಲ್ಲ. ಆದರೆ ಅದಕ್ಕೆ ಹಿಂದೆ ಏನು ಬಳಿದಿದ್ದರು ಅಂತ ವಿಚಾರಿಸದೆ ತರಬೇಡಿ. ಜಂತಿಗಳಿಗೆ ಗೇರೆಣ್ಣೆ, ಹಳೇ ಎಂಜಿನ್ ಆಯಿಲ್, ಗೆದ್ದಲಿನ ಔಷಧಿ ಬಳಿಯುವುದು ಇತ್ತು. ಗೇರೆಣ್ಣೆ ಚರ್ಮವನ್ನೇ ಸುಡುತ್ತದೆ. ಹಳೆಯ ಪೇಂಟಿನಲ್ಲಿ ಸೀಸ ಇರಬಹುದು. ಅಂಥ ಮರ ಊಟದ ವಸ್ತು ತಾಗುವ ಜಾಗಕ್ಕೆ ಬೇಡ. ಬಣ್ಣ, ಎಣ್ಣೆ ಏನೂ ಕಾಣದ ಒಳಬಾಗಿಲ ಹಲಗೆ, ಮಂಚದ ಹಲಗೆ ಆದರೆ ಧೈರ್ಯವಾಗಿ ತನ್ನಿ. ಕೊಯ್ಯುವ ಮೊದಲು ಆಯಸ್ಕಾಂತ ಆಡಿಸಿ ಮುರಿದ ಮೊಳೆ ಹುಡುಕಿಸಿ.

ನಿಮ್ಮ ತೋಟದ್ದೇ ಮರ ಕಡಿಯುವುದಾದರೆ ಕಾನೂನು ಮರೆಯಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲು ಅನುಮತಿ ಬೇಕು. ಸಿಲ್ವರ್ ಓಕ್‌ನಂಥ ಕೆಲವು ಮರಗಳಿಗೆ ವಿನಾಯಿತಿ ಇದೆ. ಬಾಣೆ ಜಾಗವಾದರೆ (ಗದ್ದೆಗೆ ಸೇರಿ ಬಂದ ಕಾಡು ಜಾಗ) ಅದು ರಿಡೀಮ್ಡಾ, ಅನ್‌ರಿಡೀಮ್ಡಾ, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿದ್ದಾ ಇಲ್ಲವಾ, ಅನ್ನುವುದರ ಮೇಲೆ ಮರದ ಹಕ್ಕು ಬದಲಾಗುತ್ತದೆ. ತೇಗ, ಬೀಟೆ, ಹೊನ್ನೆ ಸಾಗಿಸುವಾಗ ಅರಣ್ಯ ಇಲಾಖೆಯ ಪಾಸ್ ಜೊತೆಗಿರಬೇಕು. ಮಿಲ್‌ನಲ್ಲಿ ಕೊಂಡರೂ ಬಿಲ್ ಕೇಳಿ ಪಡೆಯಿರಿ. ಕೊಟ್ಟ ಮರ ಹೇಳಿದ ಮರವೇ ಹೌದಾ ಅನ್ನುವ ಅನುಮಾನ ಬಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಚೂರು ಕೊಟ್ಟು ಗುರುತಿಸಿಕೊಳ್ಳಬಹುದು.

ಒಣಗಿದೆಯಾ ಅಂತ ಅಳೆಯಿರಿ

ಕಾಫಿ ಒಣಗಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಣದಲ್ಲಿ ಹರಡಿದ ಕಾಫಿ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಮೀಟರ್ ಇಟ್ಟು ನೋಡದೆ ಚೀಲಕ್ಕೆ ತುಂಬುವುದಿಲ್ಲ. ಮರವೂ ಹಾಗೇ. ಹೊರಗೆ ಮುಟ್ಟಿದರೆ ಒಣ, ನಡುವೆ ನೀರು.

ಮರ ಯಾವತ್ತೂ ಪೂರ್ತಿ ಒಣಗಿ ನಿಲ್ಲುವುದಿಲ್ಲ. ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ಹೀರುತ್ತಾ, ಬಿಡುತ್ತಾ ಇರುತ್ತದೆ. ಗಾಳಿಯ ತೇವ 60% ಇದ್ದರೆ ಮರದ ತೇವ ಸುಮಾರು 11%ಕ್ಕೆ ಬಂದು ನಿಲ್ಲುತ್ತದೆ. 80% ಆದರೆ ಸುಮಾರು 16%. 90% ದಾಟಿದರೆ 20%ಕ್ಕಿಂತ ಹೆಚ್ಚು. ನಮ್ಮ ವರ್ಷದಲ್ಲಿ ಈ ಎರಡೂ ತುದಿ ಬರುತ್ತವೆ. ಅದಕ್ಕೇ ನಡುವಿನ ಅಂಕಿ ಹಿಡಿಯಬೇಕು. 12ರಿಂದ 14% ಇರುವಾಗ ಕಟ್ಟೆ ಮಾಡಿಸಿದರೆ ಮಳೆಯಲ್ಲಿ ಸ್ವಲ್ಪ ಉಬ್ಬುತ್ತದೆ, ಬೇಸಿಗೆಯಲ್ಲಿ ಸ್ವಲ್ಪ ಕುಗ್ಗುತ್ತದೆ, ಎರಡನ್ನೂ ತಾಳಿಕೊಳ್ಳುತ್ತದೆ. ನನ್ನ ಮೊದಲ ಕಟ್ಟೆಯ ಉಳಿದ ತುಂಡನ್ನು ಆಮೇಲೆ ಅಳೆದಾಗ ಎಷ್ಟೋ ತಿಂಗಳ ನಂತರವೂ 19% ಇತ್ತು.

ಮರಕ್ಕೆಂದೇ ಇರುವ ಎರಡು ಮುಳ್ಳಿನ ಮೀಟರ್ ಸಿಗುತ್ತದೆ. ಕಾಫಿಯ ಮೀಟರ್ ಇದಕ್ಕೆ ಆಗುವುದಿಲ್ಲ. ಮೀಟರ್ ಇಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಮತ್ತು ಓವನ್ ಸಾಕು. ಹಲಗೆಯ ತುದಿಯಿಂದ ಒಂದು ಅಡಿಯಾದರೂ ಒಳಗೆ ಬಂದು ಒಂದು ತುಂಡು ಕೊಯ್ಯಿಸಿ. ತುದಿ ಬೇಗ ಒಣಗುವುದರಿಂದ ಅದು ಸುಳ್ಳು ಹೇಳುತ್ತದೆ. ತುಂಡನ್ನು ತಕ್ಷಣ ತೂಗಿ ಬರೆದಿಡಿ. ಓವನ್‌ನಲ್ಲಿ ಸುಮಾರು 100 ಡಿಗ್ರಿಗೆ ಇಟ್ಟು, ಮನೆಯಲ್ಲಿ ಇದ್ದುಕೊಂಡೇ, ಎರಡು ಗಂಟೆಗೊಮ್ಮೆ ತೂಗಿ. ತೂಕ ಇನ್ನು ಇಳಿಯುವುದಿಲ್ಲ ಅಂದಾಗ ನಿಲ್ಲಿಸಿ. ಮೊದಲು 460 ಗ್ರಾಂ ಇದ್ದದ್ದು 400 ಗ್ರಾಂಗೆ ಬಂತು ಅನ್ನಿ. ಹೋದ ನೀರು 60 ಗ್ರಾಂ. ಅದನ್ನು 400ರಿಂದ ಭಾಗಿಸಿ. 15%. ಇನ್ನೂ ಸ್ವಲ್ಪ ದಿನ ಕಾಯಬೇಕು.

ಹಸಿ ಮರವನ್ನು ನೆರಳಿನಲ್ಲಿ ಒಣಗಿಸಲು ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಲೆಕ್ಕ. ನಮ್ಮ ಮಳೆಗಾಲದ ತಿಂಗಳುಗಳಲ್ಲಿ ಒಣಗುವುದು ನಿಂತೇ ಹೋಗುತ್ತದೆ. ಹಾಗಾಗಿ ಅದಕ್ಕಿಂತ ಜಾಸ್ತಿಯೇ ಹಿಡಿಯಿರಿ. ಹಲಗೆಗಳ ನಡುವೆ ಒಂದೇ ಅಳತೆಯ ರೀಪು ಇಟ್ಟು ಪೇರಿಸಿ, ನೆಲದಿಂದ ಒಂದೂವರೆ ಅಡಿ ಮೇಲಿರಲಿ, ತುದಿಗಳಿಗೆ ಪೇಂಟ್ ಬಳಿಯಿರಿ. ಕಾಫಿ ಕಣದ ಬಿಸಿಲಿಗೆ ಮಾತ್ರ ಹಾಕಬೇಡಿ, ಮೇಲ್ಮೈ ಮೊದಲು ಒಣಗಿ ಸೀಳುತ್ತದೆ. ಹಿಂದೆ ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ಮರ ಇಡುತ್ತಿದ್ದರು. ನಿಧಾನವಾಗಿ, ಹುಳ ಬರದಂತೆ ಒಣಗಿಸಲು ಅದು ಎಷ್ಟು ಒಳ್ಳೆಯ ಉಪಾಯ ಅಂತ ನನಗೆ ಈಗ ಗೊತ್ತಾಗುತ್ತಿದೆ. ಅಷ್ಟು ಕಾಯಲು ಆಗದವರು ಗೂಡು ಒಲೆ ಇರುವ ಮಿಲ್‌ನಲ್ಲಿ ಒಣಗಿಸಿಕೊಳ್ಳಿ. ಮೈಸೂರಿನ ಕಡೆಯಿಂದ ಒಣಗಿಸಿ ತಂದ ಮರವನ್ನು ಬಂದ ದಿನವೇ ಕೊಯ್ಯಿಸಬೇಡಿ. ಎರಡು ಮೂರು ವಾರ ನಿಮ್ಮ ಅಡುಗೆಮನೆಯಲ್ಲೇ ಇರಲಿ.

ಕೊಯ್ಯಿಸುವುದು, ಅಂಟಿಸುವುದು, ಕೂರಿಸುವುದು

ಪಟ್ಟಿ ಎಷ್ಟು ಕಿರಿದೋ ಅಷ್ಟು ಒಳ್ಳೆಯದು. 40ರಿಂದ 50 ಮಿ.ಮೀ. ಸರಿಯಾದ ಅಳತೆ. ಪಟ್ಟಿಯ ತುದಿಯಲ್ಲಿ ವರ್ಷದ ಉಂಗುರಗಳು ಕಾಣುತ್ತವೆ. ಕಟ್ಟೆಯಲ್ಲಿ ಆ ಗೆರೆಗಳು ಮೇಲಿಂದ ಕೆಳಕ್ಕೆ ನಿಂತಿರುವಂತೆ ಜೋಡಿಸಬೇಕು. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಲೆಕ್ಕ ನೋಡಿ. ಎರಡು ಅಡಿ ಅಗಲದ ತೇಗದ ಕಟ್ಟೆಯ ತೇವ 10%ರಿಂದ 16%ಕ್ಕೆ ಏರಿದರೆ, ಗೆರೆ ಮಲಗಿರುವ ಮರ ಸುಮಾರು 7 ಮಿ.ಮೀ. ಅಗಲವಾಗುತ್ತದೆ. ಗೆರೆ ನಿಂತಿದ್ದರೆ ಸುಮಾರು 4 ಮಿ.ಮೀ. ಮಾತ್ರ. ಉದ್ದದಲ್ಲಿ ಬದಲಾವಣೆ ಇಲ್ಲವೇ ಇಲ್ಲ ಅನ್ನಬಹುದು. ಇದು ತೇಗದ ಲೆಕ್ಕ, ಅದೇ ಹೆಚ್ಚು ಸ್ಥಿರವಾದ ಮರ.

ಅಂಟು ನೀರಿಗೆ ತಡೆಯುವಂಥದ್ದೇ ಇರಲಿ. ಫೆವಿಕಾಲ್‌ನಲ್ಲಿ ಮರೈನ್ ಅಂತ ಬರೆದಿರುವುದನ್ನು ಕೇಳಿ, ಸಾಮಾನ್ಯದ್ದು ಬೇಡ. ಅಂಚು ಕೀಸಿದ ದಿನವೇ ಅಂಟಿಸಬೇಕು. ಮೊಳೆ ಹೊಡೆಯುವುದು ಬೇಡ. ಕ್ಲ್ಯಾಂಪ್ ಹಾಕಿ ಒಂದು ಇಡೀ ದಿನ ಬಿಡಲಿ. ಮೋಡ ಮುಸುಕಿದ ದಿನವಾದರೆ ಎರಡು ದಿನ.

ಕೂರಿಸುವಾಗ ಎಲ್ಲರೂ ಮಾಡುವ ತಪ್ಪು ಒಂದಿದೆ. ಈಗಾಗಲೇ ಇರುವ ಕಾಂಕ್ರೀಟ್ ಸ್ಲ್ಯಾಬಿನ ಮೇಲೆ ಮರವನ್ನು ಹಾಗೇ ಅಂಟಿಸಿಬಿಡುತ್ತಾರೆ. ಕಾಂಕ್ರೀಟ್ ಮಳೆಗಾಲದಲ್ಲಿ ತೇವ ಹೀರಿ ಮರಕ್ಕೆ ಕೊಡುತ್ತದೆ. ಮರದ ಕೆಳಗೆ ಒದ್ದೆ, ಮೇಲೆ ಒಣ. ಹಪ್ಪಳದಂತೆ ಬಾಗುತ್ತದೆ. ಬದಲಿಗೆ ಕೆಳಗೆ ಅರ್ಧ ಇಂಚಿನ ರೀಪು ಕೊಟ್ಟು ಗಾಳಿ ಆಡಲು ಬಿಡಿ. ರೀಪಿಗೆ ಬೀಳುವ ಸ್ಕ್ರೂನ ತೂತು ದುಂಡಗಿರದೆ ಉದ್ದಗಿರಲಿ, ಮರ ಹಿಗ್ಗಿದಾಗ ಸ್ಕ್ರೂ ಜೊತೆಗೇ ಸರಿಯಬೇಕು. ಗೋಡೆಯ ಕಡೆ 6 ಮಿ.ಮೀ. ಸಂದು ಬಿಡಿ. ಆ ಸಂದಿಗೆ ಸಿಮೆಂಟ್ ತುಂಬಬೇಡಿ, ಸಿಲಿಕೋನ್ ಹಾಕಿ.

ಎಣ್ಣೆಯಾ, ಪಾಲಿಶಾ

ಆಚಾರಿ ಕೇಳುವ ಮೊದಲ ಪ್ರಶ್ನೆ "ಪಿಯು ಹೊಡೆಯಲಾ, ಮೆಲಮೈನ್ ಹೊಡೆಯಲಾ?" ಪಿಯು ಅಂದರೆ ಪಾಲಿಯುರೆಥೇನ್ ಪಾಲಿಶ್. ಎರಡೂ ಮರದ ಮೇಲೆ ಒಂದು ಪದರ ಕಟ್ಟುತ್ತವೆ. ಮೊದಲ ವರ್ಷ ಕನ್ನಡಿ. ಕತ್ತಿಯ ಗೀರು ಬಿದ್ದ ಕಡೆ ನೀರು ಒಳಗೆ ಇಳಿಯುತ್ತದೆ, ಪದರ ಮೇಲಿರುವುದರಿಂದ ಹೊರಗೆ ಬರಲು ದಾರಿ ಇಲ್ಲ. ಅಲ್ಲಿ ಕಪ್ಪಾಗುತ್ತದೆ. ಆ ಕಪ್ಪು ತೆಗೆಯಲು ಇಡೀ ಕಟ್ಟೆಯ ಪಾಲಿಶ್ ಉಜ್ಜಿ ತೆಗೆಯಬೇಕು. ಕಟ್ಟೆಯ ಮೇಲೆ ಎಂದೂ ಹೆಚ್ಚುವುದಿಲ್ಲ, ಬರೀ ಮಿಕ್ಸಿ, ಡಬ್ಬ ಇಡುತ್ತೇವೆ ಅನ್ನುವವರಿಗೆ ಪಿಯು ಸರಿ. ಅರಗಿನ ಪಾಲಿಶ್ ಅಂತೂ ಬಿಸಿ ಲೋಟಕ್ಕೇ ಬೆಳ್ಳಗಾಗುತ್ತದೆ.

ಹೆಚ್ಚುವ ಕಟ್ಟೆಗೆ ಎಣ್ಣೆಯೇ ಬೇಕು. ಯಾವ ಎಣ್ಣೆ ಅನ್ನುವಲ್ಲಿ ಜನ ತುಂಬಾ ತಪ್ಪುತ್ತಾರೆ. ಸೂರ್ಯಕಾಂತಿ, ಕಡಲೆಕಾಯಿ ಎಣ್ಣೆ ಬೇಡ. ಅವು ಪೂರ್ತಿ ಒಣಗುವುದೂ ಇಲ್ಲ, ಹಾಗೇ ಉಳಿಯುವುದೂ ಇಲ್ಲ. ಜಿಗುಟಾಗಿ, ಕಮಟು ವಾಸನೆ ಬರುತ್ತದೆ. ಕೊಬ್ಬರಿ ಎಣ್ಣೆ ಅಷ್ಟು ಬೇಗ ಕಮಟಾಗುವುದಿಲ್ಲ. ಆದರೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್‌ನ ಮಡಿಕೇರಿಯಲ್ಲಿ ಅದು ಮರದ ಒಳಗೆ ಹೋಗುವ ಬದಲು ಮೇಲೆ ಬೆಣ್ಣೆಯಂತೆ ಕೂರುತ್ತದೆ. ಹಾರ್ಡ್‌ವೇರ್ ಅಂಗಡಿಯ ಬಾಯಿಲ್ಡ್ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ, ಊಟದ ಜಾಗಕ್ಕೆ ಅದು ಬೇಡ. ಏನೂ ಸೇರಿಸದ ಅಗಸೆ ಎಣ್ಣೆ ವಾರಗಟ್ಟಲೆ ಒಣಗುವುದಿಲ್ಲ, ಅಷ್ಟರಲ್ಲಿ ನಮ್ಮ ಥಂಡಿಗೆ ಅದರ ಮೇಲೇ ಬೂಸ್ಟು ಬೆಳೆಯುತ್ತದೆ.

ನಾನು ಬಳಸುವುದು ಲಿಕ್ವಿಡ್ ಪ್ಯಾರಾಫಿನ್ ಮತ್ತು ಜೇನುಮೇಣ. ಲಿಕ್ವಿಡ್ ಪ್ಯಾರಾಫಿನ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಬಾಟಲಿಯ ಮೇಲೆ ಐಪಿ ಅಂತ ಇರಬೇಕು, ಅಂದರೆ ಔಷಧಿ ದರ್ಜೆಯದು. ಬಣ್ಣ ಇಲ್ಲ, ವಾಸನೆ ಇಲ್ಲ, ಎಂದೂ ಕಮಟಾಗುವುದಿಲ್ಲ. ಮೇಣಕ್ಕೆ ಕೊಡಗಿನವರು ದೂರ ಹೋಗಬೇಕಿಲ್ಲ. ವಿರಾಜಪೇಟೆಯ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘದ ಹೆಸರಿನಲ್ಲೇ ಮೇಣ ಇದೆ. ಜೇನು ಸಾಕುವ ಪರಿಚಯದವರಿದ್ದರೆ ಅವರನ್ನೇ ಕೇಳಿ.

ಮಾಡುವುದು ಹೀಗೆ. ಕಟ್ಟೆಯನ್ನು 80 ನಂಬರಿನ ಸ್ಯಾಂಡ್ ಪೇಪರ್‌ನಿಂದ ಶುರು ಮಾಡಿ 120, ಆಮೇಲೆ 180ರವರೆಗೆ ಉಜ್ಜಿಸಿ. ಅದಕ್ಕಿಂತ ನಯ ಮಾಡಿದರೆ ಮರ ಎಣ್ಣೆ ಕುಡಿಯುವುದು ಕಮ್ಮಿಯಾಗುತ್ತದೆ. ಈಗ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಮರದ ನಾರು ಬೆಳಗಿನ ಗಡ್ಡದಂತೆ ಎದ್ದು ನಿಲ್ಲುತ್ತದೆ. 180ರಲ್ಲೇ ಹಗುರವಾಗಿ ಮತ್ತೆ ಉಜ್ಜಿ. ಇದನ್ನು ಬಿಟ್ಟರೆ ಮೊದಲ ಸಲ ನೀರು ಬಿದ್ದಾಗ ಕಟ್ಟೆ ತರಿತರಿಯಾಗುತ್ತದೆ.

ಪ್ಯಾರಾಫಿನ್ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿ, ಧಾರಾಳವಾಗಿ ಸುರಿದು ಬಟ್ಟೆಯಲ್ಲಿ ಹರಡಿ. ಒಂದು ಗಂಟೆಯಲ್ಲಿ ಒಣ ತೇಪೆಗಳು ಕಾಣುತ್ತವೆ. ಅಲ್ಲಿ ಮತ್ತೆ ಹಾಕಿ. ಇನ್ನು ಕುಡಿಯುವುದಿಲ್ಲ ಅನ್ನುವವರೆಗೆ ಹೀಗೇ ಮಾಡಿ, ಉಳಿದದ್ದನ್ನು ಒರೆಸಿ. ಕೆಳಗಿನ ಮುಖಕ್ಕೂ ಅಷ್ಟೇ ಸಲ. ಕಾಣದ ಮುಖ ಅಂತ ಬಿಟ್ಟರೆ ಆ ಕಡೆಯಿಂದ ತೇವ ಜಾಸ್ತಿ ಒಳಬಂದು ಕಟ್ಟೆ ಡೊಂಕಾಗುತ್ತದೆ. ಅಡ್ಡ ಕೊಯ್ದ ತುದಿಗಳಿಗೆ ಎರಡರಷ್ಟು ಬೇಕು.

ಮಾರನೇ ದಿನ ಮೇಣ. ನಾಲ್ಕು ಪಾಲು ಪ್ಯಾರಾಫಿನ್‌ಗೆ ಒಂದು ಪಾಲು ಮೇಣ, ತೂಕದ ಲೆಕ್ಕ. 400 ಗ್ರಾಂಗೆ 100 ಗ್ರಾಂ. ಟಿನ್ನಿನಲ್ಲಿ ಹಾಕಿ ಕುದಿಯುವ ನೀರಿನ ಪಾತ್ರೆಯೊಳಗೆ ಇಡಿ, ನೇರ ಬೆಂಕಿಯ ಮೇಲೆ ಇಡಬೇಡಿ. ಜೇನುಮೇಣ ಸುಮಾರು 63 ಡಿಗ್ರಿಗೆ ಕರಗುತ್ತದೆ. ಆರಿದ ಮೇಲೆ ಮುಲಾಮಿನಂತಾಗುತ್ತದೆ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಹಳೇ ಕಾಟನ್ ಬಟ್ಟೆಯಲ್ಲಿ ತಿಕ್ಕಿ ಹೊಳಪು ತನ್ನಿ. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಕಟ್ಟೆಯ ಮೇಲೆ ನೀರು ಹನಿಸಿದಾಗ ಕೆಸುವಿನ ಎಲೆಯ ಮೇಲಿದ್ದಂತೆ ಗುಂಡಗೆ ನಿಂತರೆ ಸರಿಯಾಗಿದೆ. ಹರಡಿದರೆ ಮತ್ತೆ ಹಚ್ಚುವ ಹೊತ್ತು.

ತಿಂಗಳಿಗೊಮ್ಮೆ ಕೈಲಾಗುವುದಿಲ್ಲ ಅನ್ನುವವರಿಗೆ ಟಂಗ್ ಆಯಿಲ್ ಅಥವಾ ಹಾರ್ಡ್‌ವ್ಯಾಕ್ಸ್ ಆಯಿಲ್ ಇದೆ. ಎರಡೂ ಮರದೊಳಗೆ ಒಣಗಿ ಗಟ್ಟಿಯಾಗುತ್ತವೆ. ಟಂಗ್ ಆಯಿಲ್ ಅಪ್ಪಟವಾಗಿರಬೇಕು, ಹೆಸರು ಮಾತ್ರ ಟಂಗ್ ಇದ್ದು ಒಳಗೆ ವಾರ್ನಿಷ್ ಇರುವುದೇ ಜಾಸ್ತಿ. ಪೂರ್ತಿ ಗಟ್ಟಿಯಾಗಲು ಒಂದು ತಿಂಗಳು ಬೇಕು. ಹಾಗಾಗಿ ಜನವರಿ, ಫೆಬ್ರವರಿಯಲ್ಲಿ ಹಚ್ಚಿ, ಮಳೆ ಶುರುವಾದ ಮೇಲೆ ಕೈ ಹಾಕಬೇಡಿ. ಇದು ಒಂದು ಬೀಜದ ಎಣ್ಣೆ, ಮನೆಯಲ್ಲಿ ಬೀಜಗಳ ಅಲರ್ಜಿ ಇರುವವರಿದ್ದರೆ ಬಿಟ್ಟುಬಿಡಿ. ಒಮ್ಮೆ ಪ್ಯಾರಾಫಿನ್ ಕುಡಿಸಿದ ಮರಕ್ಕೆ ಇವು ಹಿಡಿಯುವುದಿಲ್ಲ, ಮೊದಲೇ ನಿರ್ಧಾರ ಮಾಡಿ. ಮತ್ತೆ ಇದನ್ನು ದಯವಿಟ್ಟು ಮರೆಯಬೇಡಿ: ಟಂಗ್ ಅಥವಾ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತುತ್ತದೆ. ಬಿಡಿಸಿ ಹೊರಗೆ ಒಣಗಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿ.

ದಿನದ ಬಳಕೆಯಲ್ಲಿ

ಹಸಿ ಮಾಂಸಕ್ಕೆ ಬೇರೆ ಹಲಗೆ ಇಡಿ. ಮರದ ಮೇಲೆ ಕ್ರಿಮಿ ಜಾಸ್ತಿ ಅನ್ನುವ ಭಯ ಹಲವರಿಗಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೀನ್ ಕ್ಲಿವರ್ ಮತ್ತು ಜೊತೆಗಾರರು ಮಾಡಿ 1994ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮರದ ಮೇಲೆ ಹಾಕಿದ ಬ್ಯಾಕ್ಟೀರಿಯಾ ಒಳಗೆ ಇಳಿದು ಮತ್ತೆ ಕೈಗೆ ಸಿಗುವುದು ಕಷ್ಟವಾಯಿತು. ಗೀರು ಬಿದ್ದ ಪ್ಲಾಸ್ಟಿಕ್ ಹಲಗೆಯನ್ನು ತೊಳೆಯುವುದೇ ಕಷ್ಟವಾಗಿತ್ತು. ಆದರೆ ಸಿಂಕಿನಲ್ಲಿ ಹಾಕಿ ತೊಳೆಯಬಹುದಾದ ಹಲಗೆ ಬೇರೆ, ಎತ್ತಲಾಗದ ಕಟ್ಟೆ ಬೇರೆ. ಹಂದಿ, ಕೋಳಿ, ಮೀನು ಹುಣಸೆ ಕೊರಡಿನ ಮೇಲೇ ಆಗಲಿ. ಕಟ್ಟೆಯನ್ನು ಸೋಪಿನ ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆ ಆಡಿಸಿ. ವಾಸನೆ ನಿಂತರೆ ಕಲ್ಲುಪ್ಪು ಉದುರಿಸಿ ಅರ್ಧ ನಿಂಬೆಯಲ್ಲಿ ತಿಕ್ಕಿ.

ಅಡುಗೆಗೆ ಹಾಕುವ ನಮ್ಮ ಹುಳಿರಸ ಕಾಚಂಪುಳಿ ಚೆಲ್ಲಿದರೆ ಒಂದು ನಿಮಿಷವೂ ಬಿಡಬೇಡಿ. ಕಪ್ಪು ಬಣ್ಣ, ಮೇಲೆ ಹುಳಿ, ಎರಡೂ ಒಟ್ಟಿಗೆ ಇಳಿಯುತ್ತವೆ. ಒದ್ದೆ ಕಬ್ಬಿಣದ ಬಾಣಲೆ ಇನ್ನೂ ಅಪಾಯ. ಮರದ ಒಗರು ಮತ್ತು ಕಬ್ಬಿಣ ಸೇರಿ ಶಾಯಿಯಂತೆ ಕಪ್ಪು ಉಂಗುರ ಮೂಡುತ್ತದೆ. ಅದನ್ನು ಆಕ್ಸಾಲಿಕ್ ಆಸಿಡ್ ಪುಡಿಯನ್ನು ಬಿಸಿನೀರಿಗೆ ಹಾಕಿ ಬಳಿದು ತೆಗೆಯಬಹುದು. ಅದು ವಿಷ, ಕೈಗವಸು ಹಾಕಿ, ಮಕ್ಕಳನ್ನು ದೂರ ಇಡಿ, ಮೂರು ಸಲ ಚೆನ್ನಾಗಿ ತೊಳೆಯಿರಿ, ಒಣಗಿದ ಮೇಲೆ ಎಣ್ಣೆ ಹಚ್ಚಿ. ಅರಿಶಿನದ ಕಲೆಗೆ ಔಷಧಿ ಬೇಡ. ಕಿಟಕಿಯ ಬಿಸಿಲು ಬೀಳುವ ಜಾಗವಾದರೆ ಕೆಲವು ದಿನದಲ್ಲಿ ತಾನೇ ಮಾಸುತ್ತದೆ. ಬಿಸಿ ಪಾತ್ರೆ ಇಳಿಸಲು ಕಲ್ಲಿನ ಭಾಗ ಇದೆಯಲ್ಲ, ಅಲ್ಲೇ ಇಳಿಸಿ. ಕಡಂಬುಟ್ಟು ಬೇಯಿಸಿದ ಪಾತ್ರೆಯ ತಳದಲ್ಲಿ ಬಿಸಿಯೂ ನೀರೂ ಎರಡೂ ಇರುತ್ತದೆ.

ಮೇ ತಿಂಗಳ ಕೊನೆಗೆ ಒಮ್ಮೆ ಕಟ್ಟೆಯ ಮೇಲಿನ ಸಾಮಾನೆಲ್ಲ ತೆಗೆದು, 180ರ ಪೇಪರ್ ಹಗುರವಾಗಿ ಆಡಿಸಿ, ಎರಡು ಸಲ ಎಣ್ಣೆ, ಒಂದು ಸಲ ಮೇಣ ಹಚ್ಚಿಬಿಡಿ. ಮಳೆಗಾಲದಲ್ಲಿ ಡಬ್ಬ, ಮಿಕ್ಸಿ ಒಂದೇ ಕಡೆ ತಿಂಗಳುಗಟ್ಟಲೆ ಕೂರಬಾರದು, ಅವುಗಳ ಅಡಿಯಲ್ಲೇ ಬೂಸ್ಟು ಶುರುವಾಗುವುದು. ಎರಡು ದಿನಕ್ಕೊಮ್ಮೆ ಸರಿಸಿ ಒರೆಸಿ.

ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ ನಾವು ಕೊಡಗಿನವರು ಮದ್ದು ಸೊಪ್ಪು ಬೇಯಿಸುತ್ತೇವಲ್ಲ, ಆ ನೇರಳೆ ರಸ ನಮ್ಮ ಕಟ್ಟೆಯ ಮೇಲೆ ಒಂದು ಸಲ ಚೆಲ್ಲಿತು. ಉಪ್ಪು, ನಿಂಬೆ, ಬಿಸಿಲು ಯಾವುದಕ್ಕೂ ಹೋಗಲಿಲ್ಲ. ಮುಂದಿನ ಮೇ ತಿಂಗಳಲ್ಲಿ ಉಜ್ಜಿದಾಗ ಹೋಯಿತು. ಈಗ ಆ ದಿನ ಬೆಳಿಗ್ಗೆಯೇ ಕಟ್ಟೆಯ ಮೇಲೆ ಒಂದು ದೊಡ್ಡ ಸ್ಟೀಲ್ ಪರಾತ ಇಟ್ಟು, ಸೊಪ್ಪು ಬಿಡಿಸುವುದೂ ರಸ ಸೋಸುವುದೂ ಅದರೊಳಗೇ ಮಾಡುತ್ತೇವೆ.